ಮಿಲ್ಟನ್‌ನ ವೈಸ್‌ಗೆ ಬೀದಿಯೆಲ್ಲ ಕೈಹಾಕಿದ್ದು

ಭಾನುವಾರದ ಬೀದಿ ಸಂತೆಯಿಂದ ನನ್ನ ಗಂಡ ಮಿಲ್ಟನ್ ಆ ತುಕ್ಕು ಹಿಡಿದ ವೈಸ್, ಅಂದರೆ ಕೆಲಸದ ವಸ್ತುವನ್ನು ಕಚ್ಚಿ ಹಿಡಿಯುವ ಕಬ್ಬಿಣದ ದವಡೆ, ತಂದ ದಿನವೇ ನನ್ನ ತಲೆ ಕೆಟ್ಟಿತ್ತು. ಅವನು ತಂದ ಅಂತ ಹೆಸರಿಗೆ ಹೇಳಬೇಕು, ತಂದವಳು ನಾನು. ಹೋದ ಚಳಿಗಾಲದಲ್ಲಿ ಲಕ್ವ ಹೊಡೆದ ಮೇಲೆ ಅವನ ಬಲಗೈ ಸುಮ್ಮನೆ ಜೋತುಬಿದ್ದಿದೆ. ಹಾಗಾಗಿ ಕರುವಿನಷ್ಟು ಭಾರದ ಆ ಕಬ್ಬಿಣವನ್ನು ಮೊಮ್ಮಗಳ ಹಳೆಯ ತಳ್ಳುಗಾಡಿಯಲ್ಲಿ ಕೂರಿಸಿ, ರೈಲು ನಿಲ್ದಾಣದ ಏರು ಹತ್ತಿಸಿ, ಬೆವರು ಸುರಿಸಿಕೊಂಡು ಮನೆ ಮುಟ್ಟಿಸಿದೆ. ದಾರಿಯಲ್ಲಿ ಸಿಕ್ಕವರೆಲ್ಲ ಬಗ್ಗಿ ಬಗ್ಗಿ ನೋಡಿ, ಮಗು ಅಪ್ಪನ ಹಾಗೇ ಇದೆ ಅಂತ ನಗಾಡಿದರು. ನಗಲಿ, ಎಳೆಯುವವರು ಅವರಲ್ಲವಲ್ಲ.

ನೋಡುವುದಕ್ಕಾದರೂ ಚೆನ್ನಾಗಿತ್ತೇ? ಅದೂ ಇಲ್ಲ. ಬಣ್ಣದ ಮೇಲೆ ಬಣ್ಣ ಮೆತ್ತಿತ್ತು, ಅದರ ಮೇಲೆ ತುಕ್ಕು. ಎರಡು ದವಡೆಗಳು ಒಂದನ್ನೊಂದು ಕಚ್ಚಿಕೊಂಡು ಕೂತಿದ್ದವು. ಅವನ್ನು ಬಿಚ್ಚಿ ಮುಚ್ಚುವ ದೊಡ್ಡ ತಿರುಪು ಜಪ್ಪಯ್ಯ ಎಂದರೂ ಅಲ್ಲಾಡುತ್ತಿರಲಿಲ್ಲ. ಮಾರಿದವನು ಒಂದು ತೊಟ್ಟು ಎಣ್ಣೆ ಬಿಟ್ಟರೆ ತಿರುಗುತ್ತದೆ ಎಂದಿದ್ದ. ಅವನ ಬಾಯಿಗೇ ಎಣ್ಣೆ ಬಿಡಬೇಕಿತ್ತು.

ಆದರೂ ನಾನು ಬೇಡ ಅನ್ನಲಿಲ್ಲ. ಮಿಲ್ಟನ್ ಆಯುಷ್ಯವೆಲ್ಲ ನಮ್ಮ ಪಾಸೊ ದೆ ಲೊಸ್ ತೊರೊಸ್ ಊರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು. ವೈಸ್ ಅಲ್ಲಿಯೇ ಸಾಲು ಸಾಲಾಗಿದ್ದವು, ಮನೆಯಲ್ಲಿ ಬೇಕು ಅನ್ನಿಸಿರಲಿಲ್ಲ. ನಿವೃತ್ತನಾದ ಮೇಲೆ ಹಿತ್ತಲ ಶೆಡ್ಡಿನಲ್ಲಿ ಬೀದಿಯವರ ಬೀಗ, ಕೀಲು, ಒಲೆಯ ಕಂಬಿ ರಿಪೇರಿ ಮಾಡುತ್ತಿದ್ದ. ಲಕ್ವ ಹೊಡೆದ ಮೇಲೆ ಅರ ಹಿಡಿದು ಉಜ್ಜಲು ಎಡಗೈ ಇತ್ತು, ಉಜ್ಜುವ ವಸ್ತುವನ್ನು ಹಿಡಿಯಲು ಇನ್ನೊಂದು ಕೈ ಇರಲಿಲ್ಲ. ಆ ಇನ್ನೊಂದು ಕೈ ನಾನಾದೆ. ಬೆಳಗಿನಿಂದ ಸಂಜೆಯವರೆಗೆ "ನೀಬಿಯಾ, ಇದನ್ನ ಹಿಡ್ಕೋ." ಒಲೆಯ ಮೇಲೆ ಹಾಲಿಟ್ಟು ಓಡುತ್ತಿದ್ದೆ. ನನ್ನ ಕೈ ನಡುಗುತ್ತಿತ್ತು, ಅರ ಜಾರಿ ನನ್ನ ಬೆರಳಿನ ಗಿಣ್ಣು ಕೀಳುತ್ತಿತ್ತು. ಅವನು ಮುಖ ಸಣ್ಣಗೆ ಮಾಡಿಕೊಂಡು ಅರವನ್ನು ಕೆಳಗಿಡುತ್ತಿದ್ದ. ಹೀಗೇ ಆಗಿ ಆಗಿ ಒಂದು ದಿನ ಶೆಡ್ಡಿಗೆ ಹೋಗುವುದನ್ನೇ ಬಿಟ್ಟ. ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು, ನಮ್ಮ ಕಡೆಯ ಎಲೆ ಕಷಾಯ ಮಾತೆಯನ್ನು ಹೀರುತ್ತ, ರಸ್ತೆ ನೋಡುತ್ತ ಕೂರತೊಡಗಿದ. ಆ ಕುರ್ಚಿ ಕಂಡರೆ ನನಗೆ ಹೆದರಿಕೆಯಾಗುತ್ತಿತ್ತು. ಹಾಗೆ ಕೂತವರು ಮತ್ತೆ ಎದ್ದದ್ದನ್ನು ನಾನು ಈ ಬೀದಿಯಲ್ಲಿ ಕಂಡಿಲ್ಲ. ಅದಕ್ಕೇ ಅವನು ಸಂತೆಯಲ್ಲಿ ಆ ವೈಸ್ ಮುಂದೆ ನಿಂತು, ಒಂದೊಂದೇ ಮಾತು ಹುಡುಕಿ, ಇದಿದ್ದರೆ ನಿನ್ನನ್ನು ಕರೆಯಬೇಕಾಗಿಲ್ಲ ಎಂದಾಗ, ಗೊಣಗಿಕೊಂಡೇ ತಳ್ಳುಗಾಡಿ ತರಲು ಹೋದೆ.

ಅವನನ್ನು ಅವನ ಪಾಡಿಗೆ ಬಿಟ್ಟಿದ್ದರೆ ಅದು ನಿಧಾನಕ್ಕೆ ಬಿಚ್ಚಿಕೊಳ್ಳುತ್ತಿತ್ತು. ದಿನಾ ತಿರುಪಿಗೆ ಸೀಮೆಎಣ್ಣೆ ಉಣಿಸುವುದು, ಎಡಗೈಯಲ್ಲಿ ಸಣ್ಣ ಸುತ್ತಿಗೆಯಿಂದ ತಟ್ಟುವುದು, ಕಾಯುವುದು. ಆದರೆ ಗೇಟು ತೆರೆದಿದ್ದರೆ ನಮ್ಮ ಬೀದಿಯಲ್ಲಿ ಯಾರು ಬೇಕಾದರೂ ಒಳಗೆ ಬರಬಹುದು, ಬಂದವರ ಕೈಗೆ ಮಾತೆ ತುಂಬಿದ ಸೋರೆಬುರುಡೆ ಕೊಡಲೇಬೇಕು, ಕುಡಿದವರು ಬುದ್ಧಿ ಹೇಳಲೇಬೇಕು. ಪಕ್ಕದ ಮನೆಯ ಆನ್ಸೆಲ್ಮೊ, ಬದುಕೆಲ್ಲ ತಲೆ ಬೋಳಿಸಿದ ಕ್ಷೌರಿಕ, ವಿನಿಗರ್ ಹಾಕು ಎಂದ. ಮರುದಿನ ಅವನೇ ಬಂದು ಹಾಕಿಯೂಬಿಟ್ಟ. ಇನ್ನೊಬ್ಬ ಬಂದು ಅದನ್ನು ತೊಳೆದು ಸೋಡಾ ಸುರಿದ. ಬಂದವರೆಲ್ಲ ಅದೇ ಮಾತು: ಕೊಡು ಮಾರಾಯ, ನಿನಗ್ಯಾಕೆ ಕಷ್ಟ. ಹೀಗಂದು ತಂತಿ ಬ್ರಷ್ಷನ್ನು ಮಿಲ್ಟನ್‌ನ ಕೈಯಿಂದ ಕಿತ್ತುಕೊಳ್ಳುವುದು, ಅವನು ಪಕ್ಕಕ್ಕೆ ಸರಿದು ನಿಲ್ಲುವುದು. ಅವನ ಮಾತು ಈಗ ನಿಧಾನ. ಅವನು ಶುರುಮಾಡಿದ ಮಾತನ್ನು ಮುಗಿಸುವವರು ಬೇರೆಯವರು, ಅದೂ ತಪ್ಪುತಪ್ಪಾಗಿ. ಎಲ್ಲರೂ ಒಳ್ಳೆಯವರೇ. ಅದಕ್ಕೇ ಬೈಯುವಂತೆಯೂ ಇಲ್ಲ, ನನ್ನ ಕರ್ಮ.

ಇಷ್ಟು ಸಾಲದು ಅಂತ ಒಂದು ಭಾನುವಾರ ನನ್ನ ಅಣ್ಣ ವಿಲ್ಮಾರ್ ದನದ ಪಕ್ಕೆಲುಬುಗಳನ್ನು ಹೊತ್ತುಕೊಂಡು ಬಂದ. ನಮ್ಮ ಹಿತ್ತಲಲ್ಲೇ ಮಾಂಸ ಸುಡಬೇಕು ಎಂದ. ಮೊದಲೆಲ್ಲ ನಮ್ಮ ಮನೆಯ ಬೆಂಕಿ ಮಿಲ್ಟನ್‌ನದು, ಬೇರೆಯವರು ಕೆಂಡದ ಕೋಲು ಮುಟ್ಟುವಂತಿರಲಿಲ್ಲ. ಆ ದಿನ ವಿಲ್ಮಾರ್ ಕೋಲು ಹಿಡಿದ. ಕೋಲು ಹಿಡಿದವನಿಗೆ ಎದುರಾಡುವ ಪದ್ಧತಿ ನಮ್ಮಲ್ಲಿಲ್ಲ. ಅವನು ಹಸಿ ಕೊಟ್ಟರೂ ಸೀದದ್ದು ಕೊಟ್ಟರೂ ತಿನ್ನಬೇಕು, ಕೊನೆಗೆ ಚಪ್ಪಾಳೆ ತಟ್ಟಬೇಕು.

ಊಟ ಮುಗಿಯುತ್ತ ಬಂದಾಗ ಒಲೆಯಲ್ಲಿ ಕೆಂಡ ರಾಶಿ ಉಳಿದಿತ್ತು, ವಿಲ್ಮಾರ್‌ನ ಹೊಟ್ಟೆಯಲ್ಲಿ ವೈನ್ ಇತ್ತು. ಇಷ್ಟು ಒಳ್ಳೇ ಕೆಂಡ ದಂಡ ಮಾಡ್ತೀರಾ, ಆ ವೈಸ್ ತನ್ನಿ, ಕಾದರೆ ತಾನೇ ಬಾಯಿ ಬಿಡುತ್ತೆ ಎಂದ. ಆನ್ಸೆಲ್ಮೊ ಆಗಲೇ ಅದರ ಒಂದು ಕಿವಿ ಹಿಡಿದಿದ್ದ. ಮಿಲ್ಟನ್ ತಲೆ ಅಲ್ಲಾಡಿಸಿದ. "ಅದು... ಎರಕದ..." ಎಂದ. ಎರಕದ ಕಬ್ಬಿಣವೇ, ಗಟ್ಟಿ ಮಾಲು, ಏನೂ ಆಗಲ್ಲ ಭಾವ ಎಂದು ವಿಲ್ಮಾರ್ ಆ ಮಾತನ್ನೂ ಮುಗಿಸಿಕೊಟ್ಟ. ವೈಸ್ ಕೆಂಡದೊಳಗೆ ಹೋಯಿತು.

ಅದು ಮಂದವಾಗಿ ಕೆಂಪಾದ ಮೇಲೆ ಇಬ್ಬರೂ ಎಳೆದು ಹೊರಹಾಕಿ, ಹಿಡಿಕೆಗೆ ಉದ್ದನೆಯ ಪೈಪು ತೂರಿಸಿ ಜಗ್ಗಿದರು. ಕಿರ್ರೆಂದಿತು. ಮತ್ತೆ ಜಗ್ಗಿದರು. ತಿರುಪು ತಿರುಗಿತು. ದವಡೆ ಬಿಚ್ಚಿಕೊಂಡಿತು. ಬೆಂಕಿಯವನಿಗೆ ಒಂದು ಚಪ್ಪಾಳೆ ಎಂದು ಯಾರೋ ಕೂಗಿದರು, ಎಲ್ಲರೂ ತಟ್ಟಿದರು. ನಾನೂ ತಟ್ಟಿದೆ. ಮಿಲ್ಟನ್ ಎದ್ದು ನಿಂತು ಎಡಗೈ ಎತ್ತಿದ. ಪಾಪ, ಒಂದೇ ಕೈಯಲ್ಲಿ ಅವನೂ ಮೆಚ್ಚುತ್ತಿದ್ದಾನೆ ಎಂದುಕೊಂಡು ನಾವು ಇನ್ನೂ ಜೋರಾಗಿ ತಟ್ಟಿದೆವು. ಅವನ ಬಾಯಿ "ನೀ... ನೀರು..." ಅನ್ನುತ್ತಿತ್ತು. ಬೇಡ ಅನ್ನುವುದು ಹೊರಡುವ ಮೊದಲೇ ವಿಲ್ಮಾರ್ ನಾಟಕದವನ ಹಾಗೆ ತಲೆ ಬಾಗಿಸಿ, ಬಕೆಟ್ ಎತ್ತಿ, ಕಾದ ವೈಸ್ ಮೇಲೆ ತಣ್ಣೀರು ಸುರಿದ.

ಟಣ್ಣೆಂದಿತು. ಹಬೆ ಸರಿದ ಮೇಲೆ ನೋಡಿದರೆ ಮುಂದಿನ ದವಡೆಯ ಬುಡದಿಂದ ಮೇಲಕ್ಕೆ ಬಿರುಕು.

ವಿಲ್ಮಾರ್ ಬಕೆಟ್ ಕೆಳಗಿಟ್ಟ. ಹೋಗಲಿ ಬಿಡು ಭಾವ, ಮುಂದಿನ ವಾರ ಬೇರೆ ಕೊಡಿಸ್ತೀನಿ ಎಂದ. ಮಿಲ್ಟನ್ ಅವನನ್ನು ನೋಡಿದ. ಆಸ್ಪತ್ರೆಯಿಂದ ಬಂದ ಮೇಲೆ ಯಾರ ಮೇಲೂ ಸಿಟ್ಟು ಮಾಡದಿದ್ದವನ ಕುತ್ತಿಗೆಯ ನರ ಉಬ್ಬಿತ್ತು.

"ಹೋಗಿ," ಎಂದ. "ಎಲ್ರೂ."

ಹೋದರು. ವಿಲ್ಮಾರ್ ಮುಖ ಊದಿಸಿಕೊಂಡು, ಉಳಿದ ಮಾಂಸವನ್ನೆಲ್ಲ ಕಟ್ಟಿಕೊಂಡೇ ಹೋದ. ನಾನು ಗೋಣಿಚೀಲ ತಂದು ಆ ದರಿದ್ರ ಕಬ್ಬಿಣವನ್ನು ಎಳೆಯಲು ಬಗ್ಗಿದೆ.

"ನೀನೂ, ನೀಬಿಯಾ."

ನನ್ನ ಮೈಯೆಲ್ಲ ಉರಿದುಹೋಯಿತು. ಅದನ್ನು ಏರು ಹತ್ತಿಸಿದವಳು ನಾನು, ಗಿಣ್ಣು ಕಿತ್ತುಕೊಂಡವಳು ನಾನು, ಇವರೆಲ್ಲರಿಗೂ ಮಾತೆಗೆ ನೀರು ಕಾಯಿಸಿದವಳು ನಾನು, ಈಗ ನನಗೂ ಅದೇ ಮಾತೇ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ಕೇಳಿಸಿಕೊಂಡ. ನನಗೆ ಉಸಿರು ಸಾಲದೆ ನಿಂತಾಗ ಅವನು ಶುರುಮಾಡಿದ. ಮುಗಿಸಿಕೊಡಲು ಅಲ್ಲಿ ಬೇರೆ ಯಾರೂ ಇರಲಿಲ್ಲ, ನನಗೆ ತ್ರಾಣವೂ ಇರಲಿಲ್ಲ. ಹಾಗಾಗಿ ಕಾದೆ.

"ಒಡೆದದ್ದು... ನನ್ನ ವೈಸ್. ನಾನೇ... ನೋಡ್ಕೋತೀನಿ. ನೀನು... ಒಳಗೆ ಹೋಗು."

ಒಳಗೆ ಹೋಗಿ ಬಾಗಿಲನ್ನು ದಢಾರನೆ ಹಾಕಿದೆ. ಪಾತ್ರೆ ತೊಳೆಯುತ್ತ ಕಿವಿಯೆಲ್ಲ ಹಿತ್ತಲ ಕಡೆಗೇ. ಗೋಣಿ ನೆಲಕ್ಕೆ ಉಜ್ಜುವ ಸದ್ದು, ನಿಲ್ಲುವುದು, ಮತ್ತೆ ಉಜ್ಜುವುದು. ಶೆಡ್ಡಿನಲ್ಲಿ ಏನೋ ಬಿತ್ತು, ಎದ್ದೆ. ಅವನು ಬೈದುಕೊಂಡದ್ದು ಕೇಳಿಸಿತು. ಬೈಯುತ್ತಿದ್ದಾನೆಂದರೆ ಬದುಕಿದ್ದಾನೆ ಎಂದು ಕೂತೆ. ಡ್ರಿಲ್ ಓಡಿತು. ಮತ್ತೇನೋ ಬಿತ್ತು. ಈ ಸಲ ಬಾಗಿಲ ಚಿಲಕದವರೆಗೂ ಹೋಗಿ, ಹಾಳಾಗಿಹೋಗಲಿ ನನಗೇನು ಎಂದು ಗೊಣಗಿ ವಾಪಸು ಬಂದೆ. ಆ ಚಿಲಕ ತೆಗೆಯದೆ ಇರುವುದಕ್ಕಿಂತ ವೈಸನ್ನು ಇನ್ನೊಂದು ಸಲ ಏರು ಹತ್ತಿಸುವುದೇ ಸಲೀಸಾಗಿತ್ತು.

ಹೊತ್ತು ಮುಳುಗುವ ಮುಂಚೆ ಅವನು ಅಡುಗೆಮನೆಗೆ ಬಂದ. ಮುಖವೆಲ್ಲ ಮಸಿ, ಎಡಗೈ ಹೆಬ್ಬೆರಳು ಜಜ್ಜಿ ನೀಲಿಯಾಗಿತ್ತು. ಬಿರುಕಿನ ತುದಿಗೆ ತೂತು ಕೊರೆದು ಅದು ಮುಂದೆ ಓಡದ ಹಾಗೆ ಮಾಡಿದ್ದನಂತೆ. ಮೇಲೊಂದು ಪಟ್ಟಿ ಇಟ್ಟು ಬೋಲ್ಟು ಬಿಗಿದಿದ್ದನಂತೆ. ಮೇಜಿಗೆ ಎತ್ತಲಾಗದೆ ಸೌದೆ ಸೀಳುವ ಕೊರಡನ್ನು ಉರುಳಿಸಿ ಅದಕ್ಕೇ ವೈಸ್ ಕೂರಿಸಿದ್ದನಂತೆ. ಹೆಚ್ಚು ಬಿಗಿ ಮಾಡುವಂತಿಲ್ಲ, ಬೀಗ, ಕೀಲಿಗೆ ಸಾಕು ಎಂದ. ಇಷ್ಟನ್ನು ಹೇಳಲು ಅವನಿಗೆ ಎಷ್ಟು ಹೊತ್ತು ಹಿಡಿಯಿತೋ, ನಾನು ಸೊಂಟದ ಮೇಲೆ ಕೈಯಿಟ್ಟು ನಿಂತೇ ಇದ್ದೆ.

"ಹಿಡೀತು ನೀಬಿಯಾ," ಎಂದ. ಆಮೇಲೆ, "ತಿನ್ನೋಕೆ... ಏನಿದೆ? ಹಸಿವಾಗ್ತಿದೆ."

ಆಸ್ಪತ್ರೆಯಿಂದ ಬಂದಾಗಿನಿಂದ ನಾನು ತಟ್ಟೆ ಮುಂದಿಟ್ಟರೆ ತಿನ್ನುತ್ತಿದ್ದ, ಇಡದಿದ್ದರೆ ಕೇಳುತ್ತಿರಲಿಲ್ಲ. ಖುಷಿಯಾದರೂ ಅದನ್ನು ಅವನಿಗೆ ತೋರಿಸಿಕೊಳ್ಳುವವಳು ನಾನಲ್ಲ. ಬೆಳಗ್ಗೆಯಿಂದ ಅರ್ಧ ಹಸು ಬೆಂದಾಗ ತಿನ್ನದೆ ಈಗ ಬಂದು ಕೇಳ್ತೀಯಾ, ಎಲ್ಲ ಆ ವಿಲ್ಮಾರ್ ಹೊತ್ಕೊಂಡು ಹೋದ, ಮೊದಲು ಆ ಕೈ ತೊಳಿ ಎಂದು ಗದರಿದೆ. ಅವನು ಕೈ ತೊಳೆಯದೆ ಕೂತು ಬ್ರೆಡ್ ಮುರಿದ. ನಾನು ಬಾಣಲೆ ಇಟ್ಟು ಎರಡು ಮೊಟ್ಟೆ ಒಡೆದೆ. ಅದನ್ನು ಅವನು ತಿಂದು ತಟ್ಟೆ ಒರೆಸುವಷ್ಟರಲ್ಲಿ, ಬೈಯುತ್ತಲೇ ಇನ್ನೆರಡು ಒಡೆದೆ.