ಸರ್ವಾನುಮತ

ವಿಶಾಲಮ್ಮ ನಲ್ಲಿಯನ್ನು ಕೊನೆಯವರೆಗೂ ತಿರುವಿದಳು. ಬುಸ್ಸೆಂದು ಗಾಳಿ ಬಂತೇ ಹೊರತು ಒಂದು ಹನಿ ನೀರು ಬೀಳಲಿಲ್ಲ. ಅಂಗಳದ ಬೆಂಚಿನ ಮೇಲೆ ಗಂಡ ಬೆಟ್ಟಸ್ವಾಮಿಯ ಹೆಣ. ಮೀಯಿಸಬೇಕಿತ್ತು.

"ಊರಿಗೇ ಬಂದಿಲ್ವಂತೆ ಕಣವ್ವ," ಎಂದಳು ಮಗಳು ಪವಿತ್ರಾ. "ಬಿಡೋರು ಯಾರವ್ರೆ ಈಗ?"

ಇಪ್ಪತ್ತಾರು ವರ್ಷ ಊರಿಗೆ ನೀರು ಬಿಟ್ಟ ನೀರುಗಂಟಿ ಬೆಟ್ಟಸ್ವಾಮಿ. ನಿನ್ನೆ ಸಂಜೆ ಎದೆ ಹಿಡಿದುಕೊಂಡು ಕುಸಿದವನನ್ನು ಆಟೋದಲ್ಲಿ ಹಾಕಿಕೊಂಡು ಹೊರಟರು. ನರಸೀಪುರದ ಆಸ್ಪತ್ರೆ ಮುಟ್ಟುವ ಮೊದಲೇ ಉಸಿರು ನಿಂತಿತು.

ಪಕ್ಕದ ಮನೆಯ ನಂಜೇಶ್ ಬೈಕಿಗೆ ಎರಡು ಕ್ಯಾನು ಕಟ್ಟಿಕೊಂಡು ಹೊಳೆಗೆ ಹೋದ. ಅವನು ಅತ್ತ ಹೋಗುತ್ತಿದ್ದಂತೆ ಪಂಚಾಯ್ತಿ ಅಧ್ಯಕ್ಷ ಗಂಗಾಧರಸ್ವಾಮಿ ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿ, ಕೈಯಲ್ಲೊಂದು ಹಾರ ಹಿಡಿದು ಬಂದರು. ಹಾರ ಹಾಕಿ, ಕೈ ಮುಗಿದು, ವಿಶಾಲಮ್ಮನ ಹತ್ತಿರ ದನಿ ತಗ್ಗಿಸಿದರು.

"ಈ ಹೊತ್ತಲ್ಲಿ ಕೇಳಬಾರ್ದು ಕಣಮ್ಮ. ಆದ್ರೆ ಆ ಮೇನ್ ವಾಲ್ವು ಎಲ್ಲೈತೆ ಅಂತ ನಿಮಗೇನಾದ್ರೂ ಗೊತ್ತಾ? ಹೆಂಗಸ್ರೆಲ್ಲ ಪಂಚಾಯ್ತಿ ಬಾಗ್ಲಿಗೆ ಬಂದು ಕೂತವ್ರೆ."

ವಿಶಾಲಮ್ಮನ ಕಣ್ಣಲ್ಲಿ ಅದುವರೆಗೂ ಇದ್ದ ನೀರು ಇಂಗಿಹೋಯಿತು.

"ನಿಮ್ ಪುಸ್ತಕದಲ್ಲಿ ಎಲ್ಲಾ ಬರ್ಕೊಂಡಿದ್ರಲ್ಲ ಅಧ್ಯಕ್ಷರೇ. ಅದ್ರಲ್ಲೇ ನೋಡಿ."

*

ಪುಸ್ತಕದಲ್ಲಿ ಬರೆದುಕೊಂಡದ್ದು ಜನವರಿಯ ಗ್ರಾಮಸಭೆಯಲ್ಲಿ. ಸ್ಕೂಲಿನ ಅಂಗಳಕ್ಕೆ ಕುರ್ಚಿ ಹೊತ್ತು ತಂದು ಹಾಕಿದವನು, ಮೈಕು ಕಟ್ಟಿದವನು ಬೆಟ್ಟಸ್ವಾಮಿಯೇ.

"ಈ ಸಲ ಅನುದಾನ ಅರ್ಧಕ್ಕರ್ಧ ಕಮ್ಮಿ," ಎಂದರು ಅಧ್ಯಕ್ಷರು. "ಬಜೆಟ್ಟಲ್ಲಿ ಏನುಳಿಸ್ಬೇಕು, ಏನು ಬಿಡ್ಬೇಕು, ನೀವೇ ಹೇಳಿ. ಬೀದಿದೀಪ ಆರಿಸ್ಬೇಕು, ಇಲ್ಲಾ ನೀರುಗಂಟಿ ಸಂಬಳ ನಿಲ್ಲಿಸ್ಬೇಕು. ನೀರು ಬಿಡೋದೇನು, ಯಾರು ಬೇಕಾದ್ರೂ ಬಿಡಬೌದು. ಕತ್ಲೇಲಿ ಹೆಣ್ಮಕ್ಳು ಓಡಾಡಕ್ಕಾಯ್ತದಾ? ದೀಪ ಬೇಕು ಅನ್ನೋರು ಕೈ ಎತ್ತಿ."

ಮೊದಲು ಒಂದೆರಡು, ಆಮೇಲೆ ಮುಂದಿನ ಸಾಲು, ಆಮೇಲೆ ಎಲ್ಲರೂ. ನಂಜೇಶನೂ ತಲೆ ತಗ್ಗಿಸಿಕೊಂಡು ಎತ್ತಿದ. ಹಿಂದೆ ಮೈಕಿನ ಡಬ್ಬಿಯ ಪಕ್ಕ ನಿಂತವನೊಬ್ಬ ಉಳಿದ.

"ಬೆಟ್ಟಸ್ವಾಮಿ, ನೀನೂ ಎತ್ತಪ್ಪ. ಸರ್ವಾನುಮತ ಅಂತ ಬರ್ಕೊಂಬುಡವ."

ಬೆಟ್ಟಸ್ವಾಮಿ ಕೈ ಎತ್ತಿದ.

ಅಂದು ಮನೆಯಲ್ಲಿ ವಿಶಾಲಮ್ಮ ಮುದ್ದೆಯ ತಟ್ಟೆಯನ್ನು ಅವನ ಮುಂದೆ ಕುಕ್ಕಿದಳು. "ಯಾಕೆ ಎತ್ಬೇಕಿತ್ತು ಕೈಯ?"

"ಎಲ್ಲಾರೂ ನನ್ನೇ ನೋಡ್ತಿದ್ರು ಕಣೆ."

ಮರುದಿನ ಕೋಳಿ ಕೂಗುವ ಮೊದಲೇ ಎದ್ದು ಹೊರಟವನನ್ನು ಅವಳು ಬಾಗಿಲಲ್ಲಿ ತಡೆದಳು. "ಎಲ್ಲಿಗೆ? ಯಾರು ಕರೆದವ್ರೆ?"

"ಕೆಳಗಲ ಬೀದೀಲಿ ವಾಣಿ ಬಾಣಂತಿ ಕಣೆ. ನೀರಿಲ್ದೆ ಎಂಗೆ?" ಎಂದು ಪಕ್ಕಕ್ಕೆ ಸರಿದು ಹೊರಟೇ ಹೋದ.

ಹಾಗೆ ಸಂಬಳವಿಲ್ಲದೆ ಏಳು ತಿಂಗಳು. ನಲ್ಲಿಯಲ್ಲಿ ನೀರು ಬರುತ್ತಿತ್ತು. ಬಿಡುತ್ತಿರುವವರು ಯಾರೆಂದು ಒಬ್ಬರೂ ಕೇಳಲಿಲ್ಲ.

*

ಹೊಲದಲ್ಲಿ ಮಣ್ಣು ಮಾಡಿ ಬರುವಾಗ ಮಧ್ಯಾಹ್ನವಾಗಿತ್ತು. ಬೀದಿಯುದ್ದಕ್ಕೂ ಬಿಂದಿಗೆ, ಬಕೆಟ್ಟು. ಎಲ್ಲರ ಕಣ್ಣೂ ವಿಶಾಲಮ್ಮನ ಮೇಲೆ. ಅವಳು ಮನೆ ದಾಟಿ ಮುಂದೆ ನಡೆದಳು.

"ಇವತ್ತು ಇಂಗೆಲ್ಲ ಓಡಾಡಬಾರ್ದು ಕಣಕ್ಕ," ಎಂದಳೊಬ್ಬಳು. ವಿಶಾಲಮ್ಮ ತಿರುಗಿಯೂ ನೋಡಲಿಲ್ಲ. ಊರೆಲ್ಲ ಅವಳ ಹಿಂದೆ ಬಂತು.

ಟ್ಯಾಂಕಿನ ಹಿಂದೆ, ಹೊಂಗೆ ಮರದ ಬುಡದಲ್ಲಿ ಅವಳು ತೋರಿಸಿದ ಚಪ್ಪಡಿಯನ್ನು ಇಬ್ಬರು ಸೇರಿ ಎತ್ತಿದರು. ಗುಂಡಿಯ ತುಂಬ ಕಪ್ಪು ರಾಡಿ, ಕೊಳೆತ ಎಲೆ. ಗಬ್ಬು ನಾತಕ್ಕೆ ಜನ ಹಿಂದೆ ಸರಿದರು. ನಂಜೇಶ್ ಪ್ಯಾಂಟು ಮಡಚಿ ಇಳಿಯಹೋದ. ವಿಶಾಲಮ್ಮ ಅವನ ರಟ್ಟೆ ಹಿಡಿದು ನಿಲ್ಲಿಸಿದಳು.

"ನೀನು ಬ್ಯಾಡ," ಎಂದು ಅಧ್ಯಕ್ಷರ ಕಡೆಗೆ ತಿರುಗಿದಳು. "ನೀವು ಇಳೀರಿ."

"ನಾನಾ? ಯಾರನ್ನಾದ್ರೂ ಕರೆಸ್ತೀನಿ ತಡೀರಮ್ಮ, ನರಸೀಪುರದಿಂದ..."

"ನೀವು ಇಳಿದ್ರೆ ಹೇಳ್ತೀನಿ. ಇಲ್ದಿದ್ರೆ ನನ್ ಬಾಯಿಂದ ಒಂದ್ ಮಾತೂ ಬರಲ್ಲ."

ಅಧ್ಯಕ್ಷರು ಸುತ್ತ ನೋಡಿದರು. ಸೊಂಟಕ್ಕೆ ಖಾಲಿ ಬಿಂದಿಗೆ ಇಟ್ಟುಕೊಂಡ ಹೆಂಗಸರೆಲ್ಲ ಅವರನ್ನೇ ನೋಡುತ್ತಿದ್ದರು. ಅವರು ಚಪ್ಪಲಿ ಬಿಟ್ಟರು. ಪಂಚೆ ಎತ್ತಿ ಕಟ್ಟಿ ಒಂದು ಕಾಲಿಟ್ಟರು; ಇನ್ನೊಂದು ಜಾರಿ, ಸೊಂಟದವರೆಗೂ ಹೂತುಹೋದರು. ರಾಡಿಯೊಳಗೆ ಎರಡೂ ಕೈ ಮುಳುಗಿಸಿ ತಡಕಾಡತೊಡಗಿದರು. ಕೆನ್ನೆಗೆ ಸಿಡಿದ ಕೆಸರು ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

"ಸಿಕ್ತು... ಯಾವ ಕಡೆಗೆ ತಿರುಗಿಸ್ಬೇಕಮ್ಮ?"

ವಿಶಾಲಮ್ಮ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತಳು. ಉಗುರಿನ ಸಂದಿಯಲ್ಲಿ ಹೊಲದ ಮಣ್ಣು ಒಂದಿಷ್ಟು ಉಳಿದಿತ್ತು. ಅದನ್ನು ನಿಧಾನವಾಗಿ, ಒಂದೊಂದೇ ಬೆರಳಿನಿಂದ ಕೆರೆದು ತೆಗೆಯತೊಡಗಿದಳು.