ಒಳಬಚ್ಚಲ ನಲ್ಲಿ

ಹೆಬ್ಬೆರಳಿನ ಉಗುರಿನಿಂದ ಎಷ್ಟು ಕೆರೆದರೂ ನಲ್ಲಿಯ ಮೇಲಿನ ಬಿಳಿ ಹೋಗಲಿಲ್ಲ. ಆಕೆ ಟವೆಲ್ಲಿನ ತುದಿಯನ್ನು ಒದ್ದೆ ಮಾಡಿ ಉಜ್ಜಿದಳು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದಳು. ನಲ್ಲಿಯ ಬಾಯಿಯ ಸುತ್ತ, ತಿರುಗಣೆಯ ಬುಡದಲ್ಲಿ ಅದು ಸುಣ್ಣ ಬಳಿದಂತೆ ಗಟ್ಟಿಯಾಗಿ ಕೂತಿತ್ತು.

ಮುಂದಿನ ಕೋಣೆಯಲ್ಲಿ ಗಂಡನನ್ನು ಮಲಗಿಸಿದ್ದರು. ಕುರ್ಚಿ ಸಾಲದೆ ಪಕ್ಕದ ಮನೆಯಿಂದಲೂ ತರಿಸಿದ್ದಾಗಿತ್ತು. ಹನ್ನೊಂದಕ್ಕೆ ಗಾಡಿ ಬರಬೇಕು. ಇಲ್ಲಿ ಹೆಂಡತಿ ಒಳಬಚ್ಚಲಿನ ಚಿಲಕ ಹಾಕಿಕೊಂಡು ನಲ್ಲಿ ಕೆರೆಯುತ್ತಿದ್ದಾಳೆಂದು ಯಾರಿಗಾದರೂ ಗೊತ್ತಾಗಿದ್ದರೆ ದುಃಖಕ್ಕೆ ತಲೆ ಕೆಟ್ಟಿದೆ ಎನ್ನುತ್ತಿದ್ದರು. ತಲೆ ಸರಿಯಾಗಿಯೇ ಇತ್ತು. ಮೂವತ್ತು ವರ್ಷ ಊರವರ ಮನೆಮನೆಗೆ ಗಡಸು ನೀರನ್ನು ಮೆದು ಮಾಡುವ ಯಂತ್ರ ಕೂರಿಸಿದ ಮನುಷ್ಯನ ಸ್ವಂತ ಮನೆಯ ನಲ್ಲಿ ಬೆಳ್ಳಗಾಗಿತ್ತು. ಹೊರಗೆ ಕೂತವರಲ್ಲಿ ಅರ್ಧಕ್ಕರ್ಧ ಜನ ಅವನಿಂದ ಯಂತ್ರ ಹಾಕಿಸಿಕೊಂಡವರು. ಮಧ್ಯಾಹ್ನ ಕಳಿಸಿಕೊಟ್ಟು ಬಂದು ಇದೇ ಮನೆಯಲ್ಲಿ ಕೈ ತೊಳೆಯುತ್ತಾರೆ.

ಮಗಳು ಬಾಗಿಲು ತಟ್ಟಿದಳು. "ಅಮ್ಮಾ, ಏನ್ ಮಾಡ್ತಿದೀಯ ಒಳಗೆ? ಎಲ್ಲರೂ ನಿನ್ನನ್ನೇ ಕೇಳ್ತಿದಾರೆ."

"ಉದ್ದಣ್ಣ ಬಂದ್ನಾ?"

"ಬಂದಿದಾರೆ. ಅಪ್ಪನ ಕಾಲ ಹತ್ರ ಕೂತು ಅಳ್ತಿದಾರೆ."

"ಅಳೋದು ಆಮೇಲೆ ಅಳ್ಲಿ. ಒಳಗೆ ಕಳಿಸು. ಸ್ಪ್ಯಾನರ್ ತಂದಿದಾನಾ ಕೇಳು."

"ಸಾವಿನ ಮನೆಗೆ ಯಾರಾದ್ರೂ ಸ್ಪ್ಯಾನರ್ ತರ್ತಾರಾ?"

"ನಿಮ್ಮಪ್ಪ ತರ್ತಿದ್ರು," ಎಂದಳು ಆಕೆ.

*

ಅವರನ್ನು ಊರೆಲ್ಲ ಕರೆಯುತ್ತಿದ್ದದ್ದು ನೊರೆ ಮೇಷ್ಟ್ರು ಎಂದು. ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಆದರೆ ಯಾರ ಮನೆಗೆ ಹೋದರೂ ಮೊದಲು ಒಂದು ಪುಟ್ಟ ಬಾಟಲಿಗೆ ಆ ಮನೆಯ ನೀರು ಹಿಡಿದು, ನಾಲ್ಕು ಹನಿ ಸೋಪು ಬಿಟ್ಟು, ಗಡಗಡ ಅಲ್ಲಾಡಿಸಿ, ಮನೆಮಂದಿಯನ್ನೆಲ್ಲ ಸುತ್ತ ನಿಲ್ಲಿಸಿಕೊಂಡು ಪಾಠ ಶುರುಮಾಡುತ್ತಿದ್ದರು. ನೊರೆ ಬಾರದೆ ಹಾಲು ಒಡೆದಂತಾದರೆ ಅದು ಗಡಸು ನೀರು. ನೊರೆ ಬಾಟಲಿಯ ಕತ್ತಿನವರೆಗೆ ಬಂದರೆ ಮೆದು ನೀರು. ನೀರಿನಲ್ಲಿರುವ ಸುಣ್ಣವನ್ನು ಯಂತ್ರದೊಳಗಿನ ಹಳದಿ ಮಣಿಗಳು ಹೇಗೆ ಹಿಡಿದುಕೊಳ್ಳುತ್ತವೆ, ಉಪ್ಪುನೀರು ಆ ಮಣಿಗಳನ್ನು ಹೇಗೆ ತೊಳೆದು ಮತ್ತೆ ಕೆಲಸಕ್ಕೆ ಹಚ್ಚುತ್ತದೆ ಎಂಬುದನ್ನು ಕೇಳಿದವರಿಗೂ ಹೇಳುತ್ತಿದ್ದರು, ಕೇಳದವರಿಗೂ ಹೇಳುತ್ತಿದ್ದರು.

ಇನ್ನೊಂದು ಅಭ್ಯಾಸವಿತ್ತು. ಎಲ್ಲಿ ಪೈಪು ಜೋಡಿಸಿದರೂ, ಅದರ ಹಿಂದಿನ ಗೋಡೆಯ ಮೇಲೆ ಪೆನ್ಸಿಲ್ಲಿನಲ್ಲಿ ತಾರೀಖು ಬರೆದು, ಯಾಕೆ ಜೋಡಿಸಿದೆ ಎಂದು ಒಂದು ಸಾಲು ಬರೆಯುತ್ತಿದ್ದರು. ಮುಂದೆ ಬರುವವನು ಪರದಾಡಬಾರದು ಎನ್ನುವುದು ಅವರ ಲೆಕ್ಕಾಚಾರ.

ಸ್ವಂತ ಮನೆಗೆ ಯಂತ್ರ ಹಾಕಿದ್ದು ಇಪ್ಪತ್ತೆರಡು ವರ್ಷದ ಹಿಂದೆ. ಹಾಕಿದ ದಿನದಿಂದಲೇ ಹೆಂಡತಿ ಮುಖ ಸಿಂಡರಿಸಿದಳು.

"ಸೋಪೇ ಹೋಗಲ್ಲ ರೀ. ಎಷ್ಟು ನೀರು ಹುಯ್ದರೂ ಜಾರುತ್ತೆ. ಮೈಗೆ ಎಣ್ಣೆ ಹಚ್ಚಿಕೊಂಡು ಬಂದ ಹಾಗಿರುತ್ತೆ."

"ಸೋಪು ಹೋಗಿರುತ್ತೆ ಕಣೆ. ಮೆದು ನೀರು ಇರೋದೇ ಹಾಗೆ. ಒಂದು ತಿಂಗಳು ತಡಕೋ, ರೂಢಿ ಆಗುತ್ತೆ."

"ನನ್ನ ಮೈ ನನಗೆ ಗೊತ್ತಿಲ್ವಾ?"

ತಿಂಗಳು ಪೂರ್ತಿ ಇದೇ ಮಾತು. ಸ್ನಾನ ಮುಗಿಸಿ ಬಂದರೆ ಕಿರಿಕಿರಿ, ಮುಖ ತೊಳೆದರೆ ಕಿರಿಕಿರಿ. ಆಮೇಲೊಂದು ಸೋಮವಾರ ಆಕೆ ಒಳಬಚ್ಚಲಿನಿಂದ ತಲೆ ಒರೆಸಿಕೊಳ್ಳುತ್ತ ಬಂದು, ಸೋತವಳ ಹಾಗೆ ನಕ್ಕು, "ನೀವು ಹೇಳಿದ್ದು ಸರಿ. ರೂಢಿ ಆಯ್ತು ನೋಡಿ," ಎಂದಳು. ಮೇಷ್ಟ್ರು ಪೇಪರಿನಿಂದ ತಲೆ ಎತ್ತದೆ, "ನಾನು ಹೇಳಿರಲಿಲ್ವಾ," ಎಂದರು.

ಅಲ್ಲಿಂದ ಮುಂದೆ ಆಕೆ ಅವರ ದೊಡ್ಡ ಸಾಕ್ಷಿಯಾದಳು. ಹೊಸದಾಗಿ ಯಂತ್ರ ಹಾಕಿಸಿಕೊಂಡ ಮನೆಯವರು ಜಾರುತ್ತದೆಂದು ಗೊಣಗಿ ಫೋನ್ ಮಾಡಿದರೆ ಮೇಷ್ಟ್ರು ಸೀದಾ ಫೋನನ್ನು ಅವಳ ಕೈಗೆ ಕೊಡುತ್ತಿದ್ದರು. "ನನಗೂ ಹಾಗೇ ಆಗ್ತಿತ್ತು," ಎಂದು ಆಕೆ ಶುರುಮಾಡುತ್ತಿದ್ದಳು. "ಇವರ ಜೊತೆ ಎಷ್ಟು ಜಗಳ ಆಡಿದೀನಿ ಗೊತ್ತಾ? ಸರಿಯಾಗಿ ಒಂದು ತಿಂಗಳು. ಆಮೇಲೆ ಏನೂ ಅನ್ಸಲ್ಲ. ನನ್ನ ಮಾತು ನಂಬಿ." ಜನ ನಂಬಿದರು. ಅಷ್ಟು ಮನಸಾರೆ ಹೇಳಿದ ಮಾತನ್ನು ಯಾರು ತಾನೇ ನಂಬುವುದಿಲ್ಲ? ಆ ಹೊತ್ತಿನಲ್ಲಿ ಮೇಷ್ಟ್ರು ಏನಾದರೊಂದು ನೆಪ ಮಾಡಿ ಅಂಗಳಕ್ಕೆ ಹೋಗಿಬಿಡುತ್ತಿದ್ದರು. ಹೊಗಳಿಕೆಗೆ ನಾಚಿಕೊಳ್ಳುತ್ತಾರೆ ಎಂದು ಆಕೆ ತಿಳಿದಿದ್ದಳು.

*

ಉದ್ದಣ್ಣ ಬಾಗಿಲ ಚೌಕಟ್ಟಿಗೆ ತಲೆ ತಾಗದಂತೆ ಬಗ್ಗಿ ಒಳಗೆ ಬಂದ. ಇಪ್ಪತ್ತೈದು ವರ್ಷ ಮೇಷ್ಟ್ರ ಜೊತೆ ಪೈಪು ಹೊತ್ತವನು. ಕಣ್ಣು ಕೆಂಪಾಗಿತ್ತು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ.

"ಯಂತ್ರ ಕೈಕೊಟ್ಟಿದೆ," ಎಂದಳು ಆಕೆ. "ಇವತ್ತೇ ಕೈಕೊಡಬೇಕಾ? ಇವರ ಆರೈಕೇಲಿ ಎರಡು ತಿಂಗಳಿಂದ ನಾನೂ ಗಮನಿಸಿರಲಿಲ್ಲ. ನಲ್ಲಿ ನೋಡು. ಜನ ಏನಂತಾರೆ? ಮೇಷ್ಟ್ರು ಸ್ವಂತ ಮನೆದೇ ನೋಡ್ಕೊಳ್ಲಿಲ್ಲ ಅಂತಾರೆ. ಅವರ ಹೆಸರು ಹೋಗುತ್ತೆ ಕಣೋ."

"ಹದಿನೈದು ದಿನದ ಹಿಂದೆ ನಾನೇ ಉಪ್ಪು ಹಾಕಿ ಹೋಗಿದ್ದೆ ಅತ್ತಿಗೆ. ಚೆನ್ನಾಗೇ ಇತ್ತು."

ಮೇಷ್ಟ್ರ ಕೈಚೀಲ ಮೂಲೆಯ ಗೂಟದಲ್ಲೇ ನೇತಾಡುತ್ತಿತ್ತು. ಅವರು ಹಾಸಿಗೆ ಹಿಡಿದು ಎರಡು ತಿಂಗಳು, ಯಾರೂ ಮುಟ್ಟಿರಲಿಲ್ಲ. ಉದ್ದಣ್ಣ ಅದನ್ನು ತೆರೆಯುವ ಮುಂಚೆ ಆಕೆಯ ಮುಖ ನೋಡಿದ. ಆಕೆ ತಲೆಯಾಡಿಸಿದಳು. ಪುಟ್ಟ ಬಾಟಲಿ ತೆಗೆದು ಅಡುಗೆಮನೆಯ ನಲ್ಲಿಯ ನೀರು ಹಿಡಿದು, ಸೋಪಿನ ಹನಿ ಬಿಟ್ಟು ಅಲ್ಲಾಡಿಸಿದ. ನೊರೆ ಕತ್ತಿನವರೆಗೆ ಬಂತು. ಬಾಟಲಿ ತೊಳೆದು ಒಳಬಚ್ಚಲಿನ ನೀರು ಹಿಡಿದ. ಎಷ್ಟು ಅಲ್ಲಾಡಿಸಿದರೂ ನೊರೆಯ ಸುಳಿವಿಲ್ಲ. ನೀರು ಒಡೆದ ಹಾಲಿನಂತಾಯಿತು.

"ಇದೆಲ್ಲಿಯ ನೀರು?" ಎಂದು ತನಗೆ ತಾನೇ ಕೇಳಿಕೊಂಡ.

ಯಂತ್ರವಿದ್ದದ್ದು ಅಡುಗೆಮನೆಯ ಹಿಂದಿನ ಕಿರುಕೋಣೆಯಲ್ಲಿ. ಬಿಳಿ ಅಂಗಿಯಲ್ಲೇ ಮಂಡಿಯೂರಿ, ಉಪ್ಪಿನ ಡಬ್ಬವನ್ನು ಪಕ್ಕಕ್ಕೆ ಸರಿಸಿ, ಫೋನಿನ ಬೆಳಕು ಬಿಟ್ಟ. ಯಂತ್ರಕ್ಕೆ ನೀರು ಹೋಗುವ ಮೊದಲೇ ಒಂದು ಸಣ್ಣ ಪೈಪು ಕವಲೊಡೆದು, ಗೋಡೆಯ ಬಣ್ಣವನ್ನೇ ಬಳಿಸಿಕೊಂಡು, ಗೋಡೆ ತೂರಿ ಸೀದಾ ಒಳಬಚ್ಚಲಿನ ಕಡೆಗೆ ಹೋಗಿತ್ತು. ಡಬ್ಬದ ಹಿಂದೆ ಅರ್ಧ ಬಾಟಲಿ ವಿನೆಗರ್, ಹಳೆಯ ಬನಿಯನ್ನಿನಿಂದ ಹರಿದ ಬಟ್ಟೆಪಟ್ಟಿಗಳು, ಒಂದು ದಾರದ ಉಂಡೆ.

ಉದ್ದಣ್ಣ ಗೋಡೆಗೆ ಬೆಳಕು ಹಿಡಿದು ಇನ್ನಷ್ಟು ಹತ್ತಿರ ಬಗ್ಗಿದ. ಅವನ ಬೆನ್ನು ಅಲುಗುತ್ತಿತ್ತು. ನಗುತ್ತಿದ್ದಾನೋ ಅಳುತ್ತಿದ್ದಾನೋ ಆಕೆಗೆ ತಿಳಿಯಲಿಲ್ಲ.

"ಏನೋ ಅದು?"

"ನೀವೇ ಓದಿ ಅತ್ತಿಗೆ. ನನಗೂ ಹೇಳಿರಲಿಲ್ಲ ಅವರು."

ಆಕೆ ಕನ್ನಡಕ ಸರಿಮಾಡಿಕೊಂಡು ಬಗ್ಗಿದಳು. ಪೆನ್ಸಿಲ್ಲಿನ ಅಕ್ಷರ ಮಾಸಿದ್ದರೂ ಗುಂಡಗಿತ್ತು. ಇಪ್ಪತ್ತೆರಡು ವರ್ಷದ ಹಿಂದಿನ ಒಂದು ಭಾನುವಾರದ ತಾರೀಖು. ಕೆಳಗೆ: ದೂರು ಕೊಟ್ಟವರು, ಮನೆಯವರು. ದೂರು, ಸೋಪು ಹೋಗುತ್ತಿಲ್ಲ. ಯಂತ್ರದ ದೋಷವಲ್ಲ. ಸರಿಪಡಿಸಲಾಗಿದೆ.

"ನಿಮಗೆ ರೂಢಿ ಆಗಿದ್ದಲ್ಲ ಅತ್ತಿಗೆ," ಎಂದ ಉದ್ದಣ್ಣ ಮೆಲ್ಲಗೆ. "ನಿಮ್ಮ ನಲ್ಲಿಗೆ ಹಳೇ ನೀರೇ ಬಿಟ್ಟಿದಾರೆ. ಇಷ್ಟು ವರ್ಷ ಬಿಳಿ ಕಟ್ಟದ ಹಾಗೆ ಅವರೇ ಈ ವಿನೆಗರಲ್ಲಿ ಅದ್ದಿದ ಬಟ್ಟೆ ಸುತ್ತಿ ಸುಣ್ಣ ಕರಗಿಸಿ ತಿಕ್ಕಿದಾರೆ. ಎರಡು ತಿಂಗಳಿಂದ ಕೈಲಾಗಿಲ್ಲ, ಅಷ್ಟೆ."

ಭಾನುವಾರ ಆಕೆ ತಂಗಿಯ ಮನೆಗೆ ಹೋಗುವ ದಿನ. ತಿರುಗಿ ಬಂದಾಗ ಮನೆಯಲ್ಲಿ ಹುಳಿ ವಾಸನೆ ಇರುತ್ತಿತ್ತು. ಕೆಲಸದ ಸಾಮಾನು ತೊಳೆದೆ ಎನ್ನುತ್ತಿದ್ದರು. ಮೂಗು ಮುಚ್ಚಿಕೊಂಡು ಕಿಟಕಿ ತೆರೆಯುವುದೇ ಆಕೆಯ ಕೆಲಸವಾಗಿತ್ತು. ಕೊನೆಯ ವಾರ ಅವರು ನಿತ್ರಾಣರಾಗಿ ಮಲಗಿದ್ದಾಗ, "ಒಳಬಚ್ಚಲ ನಲ್ಲಿ ಹೇಗಿದೆ?" ಎಂದು ಮೂರು ಸಲ ಕೇಳಿದ್ದರು. ಜ್ವರದ ಬಡಬಡಿಕೆ ಎಂದುಕೊಂಡು ಆಕೆ ಹಣೆಗೆ ಒದ್ದೆ ಬಟ್ಟೆ ಹಾಕಿದ್ದಳು.

"ಎಷ್ಟು ಜನಕ್ಕೆ ಹೇಳಿದೀನಿ ಗೊತ್ತೇನೋ," ಎಂದಳು ಆಕೆ. "ಫೋನಲ್ಲಿ ಆಣೆ ಇಟ್ಟು ಹೇಳಿದೀನಿ. ನನ್ನ ಬಾಯಲ್ಲಿ ಇಷ್ಟು ವರ್ಷ ಸುಳ್ಳು ಹೇಳಿಸಿದ್ರಲ್ಲ."

"ಈ ಪೈಪು ಮುಚ್ಚಿ, ಯಂತ್ರದ ನೀರಿಗೆ ಸೇರಿಸ್ಲಾ? ಹತ್ತು ನಿಮಿಷದ ಕೆಲಸ. ಯಾರಿಗೂ ಗೊತ್ತಾಗಲ್ಲ."

"ಮುಟ್ಟಬೇಡ," ಎಂದಳು. ಎದ್ದು ಹೋಗಿ ಒಳಬಚ್ಚಲಿಗೆ ಹೊರಗಿನಿಂದ ಚಿಲಕ ಹಾಕಿದಳು. ಬಂದವರು ಯಂತ್ರದ ನೀರು ಬರುವ ಹೊರಗಿನ ನಲ್ಲಿಯಲ್ಲೇ ಕೈ ತೊಳೆಯಲಿ.

*

ಮದುವೆಯಾದಾಗಿನಿಂದ ಆಕೆಯದೊಂದು ಬೆದರಿಕೆಯಿತ್ತು. ಗಂಡ ಏನಾದರೂ ಕಿತಾಪತಿ ಮಾಡಿ ಕೆಲಸಕ್ಕೆ ಹೊರಟುನಿಂತರೆ ಬಾಗಿಲವರೆಗೆ ಬಂದು, "ಸಂಜೆ ಬನ್ನಿ ಮನೆಗೆ, ಇದೆ ನಿಮಗೆ," ಎನ್ನುತ್ತಿದ್ದಳು. ಸಂಜೆಯ ಹೊತ್ತಿಗೆ ಅರ್ಧ ಮರೆತಿರುತ್ತಿದ್ದಳು. ಮೇಷ್ಟ್ರೇ ನೆನಪಿಸಿ ಬೈಸಿಕೊಳ್ಳುತ್ತಿದ್ದರು.

ಹನ್ನೊಂದಕ್ಕೆ ಗಾಡಿ ಬಂತು. ನಾಲ್ಕು ಜನ ಎತ್ತಲು ಬಗ್ಗಿದರು. ಆಕೆ ಅವರನ್ನು ತಡೆದು, ಗಂಡನ ಕಿವಿಯ ಹತ್ತಿರ ಬಾಗಿದಳು. ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕಿರಲಿಲ್ಲ.

"ಸಂಜೆ ಬನ್ನಿ ಮನೆಗೆ," ಎಂದಳು.

ಮುಂದಿನ ಮಾತು ಬರಲಿಲ್ಲ. ಆಗ ಅತ್ತಳು, ಮಗಳ ಹೆಗಲ ಮೇಲೆ ಬಿದ್ದು, ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಅತ್ತಳು.

*

ಮಧ್ಯಾಹ್ನ ಎಲ್ಲರೂ ತಿರುಗಿ ಬಂದು ಕೈ ತೊಳೆದು ಚಹಾ ಕುಡಿದರು. ಹೊರಗಿನ ನಲ್ಲಿ ಕನ್ನಡಿಯಂತೆ ಹೊಳೆಯುತ್ತಿತ್ತು. ಒಬ್ಬ ಬೇಕರಿಯವನು ಅದನ್ನು ತೋರಿಸಿ, "ನೋಡಿ, ಮೇಷ್ಟ್ರ ಮನೆ ನಲ್ಲಿ ಅಂದ್ರೆ ಹೀಗಿರಬೇಕು," ಎಂದ. ಆಕೆಗೆ ಜೀವ ಬಂದಂತಾಯಿತು, ಮುಖಕ್ಕೆ ಹೊಡೆದಂತೆಯೂ ಆಯಿತು.

ಎಲ್ಲರಿಗಿಂತ ಕೊನೆಗೆ ಕೈ ತೊಳೆಯುತ್ತಿದ್ದವರು ನರ್ಸಮ್ಮ. ಆಸ್ಪತ್ರೆಯಿಂದ ನಿವೃತ್ತಿಯಾಗಿ ಎಷ್ಟೋ ವರ್ಷವಾಗಿದ್ದರೂ ಬೆರಳ ಸಂದಿಯನ್ನೂ ಬಿಡದೆ ತೊಳೆಯುವ ಶಿಸ್ತು ಹೋಗಿರಲಿಲ್ಲ. ತೊಳೆದರು, ಮತ್ತೆ ತೊಳೆದರು, ಬೆರಳು ತಿಕ್ಕಿ ನೋಡಿ ಮತ್ತೆ ನೀರಿಗೆ ಹಿಡಿದರು.

"ಯಾಕೆ ನರ್ಸಮ್ಮ?"

"ಏನಿಲ್ಲ ಅಕ್ಕ." ಅವರು ಸಂಕೋಚದಿಂದ ನಕ್ಕರು. "ಇವತ್ತು ಹೇಳೋ ಮಾತಲ್ಲ. ನಮ್ಮ ಮನೆಗೆ ಯಂತ್ರ ಹಾಕಿಸಿ ಹನ್ನೆರಡು ವರ್ಷ ಆಯ್ತು. ಫೋನಲ್ಲಿ ನೀವು ಒಂದು ತಿಂಗಳು ಅಂದ್ರಿ, ನಂಬಿದೆ. ನನಗೆ ಮಾತ್ರ ಇವತ್ತಿಗೂ ರೂಢಿ ಆಗ್ಲಿಲ್ಲ. ಎಲ್ಲರಿಗೂ ಆಗಿರೋದು ನನಗೊಬ್ಬಳಿಗೆ ಆಗಿಲ್ಲ ಅಂದ್ರೆ ನನ್ನ ಕೈಯೇ ಸರಿಯಿಲ್ಲ ಅಂದ್ಕೊಂಡು ಸುಮ್ಮನಿದೀನಿ."

ಆಕೆ ಆ ಒದ್ದೆ ಕೈಗಳನ್ನು ನೋಡಿದಳು. ಚಹಾದ ಲೋಟ ಹಿಡಿದು ನಿಂತ ಜನರನ್ನು ನೋಡಿದಳು. ಸುಮ್ಮನೆ ಇನ್ನೊಂದು ಸಲ 'ಆಗುತ್ತೆ ಬಿಡಿ' ಎಂದಿದ್ದರೆ ಮುಗಿಯುತ್ತಿತ್ತು.

"ಬನ್ನಿ ಒಳಗೆ," ಎಂದು ನರ್ಸಮ್ಮನ ಮಣಿಕಟ್ಟು ಹಿಡಿದು ಕರೆದುಕೊಂಡು ಹೋಗಿ, ಒಳಬಚ್ಚಲಿನ ಚಿಲಕ ತೆಗೆದಳು.

ನರ್ಸಮ್ಮ ಬಿಳಿಗಟ್ಟಿದ ನಲ್ಲಿ ನೋಡಿದರು, ಅವಳ ಮುಖ ನೋಡಿದರು. ಸೋಪು ತಿಕ್ಕಿ ನೀರಿಗೆ ಕೈಯೊಡ್ಡಿದರು. ನೊರೆ ಅಷ್ಟೇನೂ ಬರಲಿಲ್ಲ. ಆದರೆ ಎರಡನೆಯ ಸಲಕ್ಕೆ ಅಂಗೈಗೆ ಅಂಗೈ ತಿಕ್ಕಿದಾಗ ಕಿರ್ ಎಂದಿತು.

"ಹೋಯ್ತು," ಎಂದರು ನರ್ಸಮ್ಮ, ಚಿಕ್ಕ ಹುಡುಗಿಯ ಹಾಗೆ.

"ನನಗೂ ಯಾವತ್ತೂ ರೂಢಿ ಆಗಿರಲಿಲ್ಲವಂತೆ," ಎಂದಳು ಆಕೆ. "ಇವತ್ತು ಬೆಳಗ್ಗೆ ಗೊತ್ತಾಯ್ತು. ಭಾನುವಾರ ಭಾನುವಾರ ಇಲ್ಲಿಗೇ ಬಂದು ತಲೆಗೆ ಹುಯ್ಕೊಳ್ಳಿ. ಯಾರಿಗೂ ಹೇಳೋದು ಬೇಡ."

ಕಿರುಕೋಣೆಗೆ ಹೋಗಿ ವಿನೆಗರ್, ಬನಿಯನ್ನಿನ ಪಟ್ಟಿ, ದಾರ ತಂದಳು. ಬಟ್ಟೆಯನ್ನು ಅದ್ದಿ ನಲ್ಲಿಗೆ ಸುತ್ತಿದಳು. ಅದು ಜಾರಿ ಜಾರಿ ಬಿತ್ತು. ಆ ಮನುಷ್ಯ ಒಬ್ಬರೇ ಹೇಗೆ ಕಟ್ಟುತ್ತಿದ್ದರೋ, ಹಲ್ಲಿನಲ್ಲಿ ದಾರ ಕಚ್ಚಿ ಹಿಡಿಯುತ್ತಿದ್ದರೇನೋ.

"ಕೊಡಿ ಇಲ್ಲಿ," ಎಂದರು ನರ್ಸಮ್ಮ. ಗಾಯಕ್ಕೆ ಪಟ್ಟಿ ಸುತ್ತುವವರ ಹಾಗೆ ಕೆಳಗಿನಿಂದ ಮೇಲಕ್ಕೆ, ಸುತ್ತಿನ ಮೇಲೆ ಅರ್ಧ ಸುತ್ತು ಬರುವಂತೆ ನಲ್ಲಿಗೆ ಬಟ್ಟೆ ಸುತ್ತಿದರು. ದಾರವನ್ನು ಎರಡು ಸಲ ಬಳಸಿ ಒಂದು ಗಂಟು ಹಾಕಿ, "ಬೆರಳಿಡಿ," ಎಂದರು.

ಆಕೆ ಗಂಟಿನ ಮೇಲೆ ತೋರುಬೆರಳನ್ನು ಒತ್ತಿ ಹಿಡಿದಳು. ಹುಳಿ ವಾಸನೆ ಬಚ್ಚಲು ತುಂಬಿತ್ತು. ಕಿಟಕಿ ಮುಚ್ಚಿಯೇ ಇತ್ತು, ಆಕೆ ತೆರೆಯಲಿಲ್ಲ.