ಐತಪ್ಪ ಬಾಯಿಬಿಟ್ಟದ್ದು

ಮದರಾಸಿನ ವೆಸ್ಟ್ ಮಾಂಬಲಂನಲ್ಲಿ, ಸ್ಟೇಷನ್ನಿನ ಎದುರಿನ ಓಣಿಯಲ್ಲಿ ಭೋಜರಾಜರ ಹೋಟೆಲಿತ್ತು. ಅಲ್ಲಿ ಹಿಟ್ಟು ರುಬ್ಬುವ ಕೆಲಸಕ್ಕೆ ಐತಪ್ಪ ಸೇರಿದ್ದು ಐವತ್ಮೂರನೇ ಇಸವಿಯಲ್ಲಿ. ಸೇರಿ ಎರಡು ವರ್ಷದವರೆಗೂ ಅಡುಗೆಮನೆಯ ಅರ್ಧ ಜನ ಅವನನ್ನು ಮೂಗನೆಂದೇ ತಿಳಿದಿದ್ದರು. ಇನ್ನರ್ಧ ಜನಕ್ಕೆ ಅವನು ಮಾತಾಡುತ್ತಾನೆಂದು ಗೊತ್ತಿತ್ತು. ಆದರೆ ಅದನ್ನು ಇನ್ನೊಬ್ಬರಿಗೆ ಹೇಳುವಷ್ಟು ದೊಡ್ಡ ಸುದ್ದಿಯೆಂದು ಅವರಿಗೆ ಅನ್ನಿಸಿರಲಿಲ್ಲ. ‘ಆಯ್ತು’, ‘ಇಲ್ಲ’, ‘ಗೊತ್ತಿಲ್ಲ’ ಎಂಬ ಮೂರು ಮಾತಿನಲ್ಲಿ ಅವನ ದಿನ ಕಳೆದುಹೋಗುತ್ತಿತ್ತು. ಭೋಜರಾಜರಿಗೆ ಇಂಥ ಆಳೇ ಬೇಕಾಗಿತ್ತು.

ಐತಪ್ಪನ ಊರು ಬೆಳ್ತಂಗಡಿಯ ಕಡೆ. ತಾಯಿ ಗದ್ದೆಯಲ್ಲಿ ನೇಜಿ ನೆಡುವಾಗ ಹಾಡುತ್ತಿದ್ದಳು. ಇವನು ಅವಳ ಹಿಂದೆ ನಿಂತು ಬಾಯಿ ಮಾತ್ರ ಆಡಿಸುತ್ತಿದ್ದ. ಮದರಾಸಿಗೆ ಬಂದ ಮೇಲೆ ಸೋಮವಾರ ರಜೆ ಸಿಕ್ಕಿತು. ಆ ದಿನ ಅವನು ಒಂದಲ್ಲ ಒಂದು ಸಂಗೀತ ಸಭೆಯ ಬೇಲಿಯ ಹೊರಗೆ ನಿಂತು ಕಛೇರಿ ಕೇಳುತ್ತಿದ್ದ. ಒಳಗೆ ಹೋಗಬಾರದೆಂದು ಯಾರೂ ಹೇಳಿರಲಿಲ್ಲ. ಒಳಗೆ ಹೋದರೆ ಪಕ್ಕದವರು ‘ಚೆನ್ನಾಗಿದೆ ಅಲ್ಲವೇ’ ಎಂದು ಕೇಳುತ್ತಾರೆ, ಅದಕ್ಕೆ ಉತ್ತರ ಕೊಡಬೇಕಾಗುತ್ತದೆ. ಬೇಲಿಯ ಹೊರಗೆ ಆ ತೊಂದರೆಯಿಲ್ಲ. ಹೀಗೆ ಆರು ವರ್ಷದಲ್ಲಿ ಅವನ ತಲೆಯೊಳಗೆ ನೂರಾರು ಕೃತಿಗಳೂ ದೇವರನಾಮಗಳೂ ಕೂಡಿಬಿದ್ದವು. ಗಂಟಲಿನಿಂದ ಮಾತ್ರ ಒಂದೂ ಹೊರಗೆ ಬಂದಿರಲಿಲ್ಲ.

ಐವತ್ತೊಂಬತ್ತರಲ್ಲಿ ಹೋಟೆಲಿಗೆ ಕರೆಂಟಿನ ಗ್ರೈಂಡರು ಬಂತು. ಅದು ತಿರುಗತೊಡಗಿದರೆ ಹಿಂದಿನ ಕೋಣೆಯಲ್ಲಿ ಕಿವಿಯ ಹತ್ತಿರ ಕೂಗಿದರೂ ಕೇಳುತ್ತಿರಲಿಲ್ಲ. ಮಧ್ಯಾಹ್ನ ಎರಡರಿಂದ ಐದರವರೆಗೆ ಎಲ್ಲರೂ ಕೈಸನ್ನೆಯಲ್ಲೇ ವ್ಯವಹಾರ ಮಾಡತೊಡಗಿದರು. ಮೂರನೆಯ ದಿನವೋ ನಾಲ್ಕನೆಯ ದಿನವೋ, ಉದ್ದಿನ ಹಿಟ್ಟನ್ನು ಕೈಯಿಂದ ತಿರುವಿ ಹಾಕುತ್ತ ಐತಪ್ಪ ಒಂದು ಸ್ವರ ಹಿಡಿದು ನೋಡಿದ. ಯಾರೂ ತಿರುಗಿ ನೋಡಲಿಲ್ಲ. ಮತ್ತೊಂದು ಹಿಡಿದ. ಆಮೇಲೆ ಎರಡು ವರ್ಷ, ವಾರಕ್ಕೆ ಆರು ದಿನ, ದಿನಕ್ಕೆ ಮೂರು ತಾಸು ಅವನು ಗಂಟಲು ಬಿಟ್ಟು ಹಾಡಿದ. ದೊಡ್ಡ ದೊಡ್ಡ ವಿದ್ವಾಂಸರೂ ಅಷ್ಟು ಸಾಧನೆ ಮಾಡುತ್ತಿದ್ದರೋ ಇಲ್ಲವೋ. ಅವನಿಗೆ ಅದು ಸಾಧನೆಯೆಂದು ಗೊತ್ತಿರಲಿಲ್ಲ.

ಅರವತ್ತೊಂದರ ಬೇಸಿಗೆಯ ಒಂದು ಗುರುವಾರ ಮೂರೂಕಾಲಿಗೆ ಕರೆಂಟು ಹೋಯಿತು. ಐತಪ್ಪ ಕಣ್ಣು ಮುಚ್ಚಿಕೊಂಡು ಕಲ್ಯಾಣಿ ರಾಗದ ತಾರಸ್ಥಾಯಿಯಲ್ಲಿದ್ದ. ಗ್ರೈಂಡರು ನಿಂತರೂ ಅವನ ಕಿವಿಯೊಳಗೆ ಅದರ ಸದ್ದು ಇನ್ನೂ ತುಂಬಿಕೊಂಡಿತ್ತು. ಒಂದಿಡೀ ಚರಣ ಮುಗಿಸಿ ಕಣ್ಣು ಬಿಟ್ಟಾಗ ಬಾಗಿಲಲ್ಲಿ ಹನ್ನೊಂದು ಜನ ನಿಂತಿದ್ದರು. ಒಬ್ಬ ಗಿರಾಕಿ ಅರ್ಧ ತಿಂದ ವಡೆ ಹಿಡಿದುಕೊಂಡೇ ಬಂದಿದ್ದ. ‘ಯಾರಪ್ಪಾ ಪಾಡಿನದು?’ ಎಂದು ಅವನು ತಮಿಳಿನಲ್ಲಿ ಕೇಳಿದ. ಕೋಣೆಯಲ್ಲಿದ್ದವನು ಐತಪ್ಪನೊಬ್ಬನೇ ಆದ್ದರಿಂದ ಯಾರೂ ಉತ್ತರ ಕೊಡಲಿಲ್ಲ.

ಐತಪ್ಪ ಕೈ ತೊಳೆದುಕೊಂಡು ಅಕ್ಕಿ ಮೂಟೆಯ ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡ. ಐದು ಗಂಟೆಗೆ ಭೋಜರಾಜರೇ ಬಂದು ಬಾಗಿಲು ತಟ್ಟಿದರು.

‘ಐತಪ್ಪ, ನಿನಗೆ ಹಾಡ್ಲಿಕ್ಕೆ ಬರ್ತದಾ?’

‘ಇಲ್ಲ.’

‘ಮತ್ತೆ ಹಾಡಿದ್ದು ಯಾರು ಮಾರಾಯ?’

‘ಗೊತ್ತಿಲ್ಲ.’

ಭೋಜರಾಜರು ಹೆಚ್ಚು ಕೇಳಲಿಲ್ಲ. ಇಡ್ಲಿ ಹಿಟ್ಟು ಅರ್ಧಕ್ಕೇ ನಿಂತಿತ್ತು.

ಅಂದು ಹೆಂಗಸರ ಕೋಣೆಯಲ್ಲಿ ಕಾಫಿ ಕುಡಿಯುತ್ತಿದ್ದವರಲ್ಲಿ ಗೋದಾಬಾಯಿ ಒಬ್ಬರು. ಐವತ್ತರ ಹತ್ತಿರದ ವಿಧವೆ. ಹುಬ್ಬಳ್ಳಿಯಿಂದ ವರ್ಗವಾಗಿ ಬಂದಿದ್ದ ರೈಲ್ವೆ ಗಾರ್ಡೊಬ್ಬರ ಮಗಳು. ಓಣಿಯ ಮಕ್ಕಳಿಗೆ ಪಿಟೀಲು ಹೇಳಿಕೊಡುತ್ತಿದ್ದರು. ಮರುದಿನ ಅವರು ಕಾಫಿ ಕುಡಿಯುವ ಬದಲು ನೇರವಾಗಿ ಗ್ರೈಂಡರಿನ ಕೋಣೆಗೆ ಬಂದು, ಅದು ನಿಲ್ಲುವವರೆಗೆ ಕಾದರು.

‘ನಿನ್ನೆ ಹಾಡಿದವ ನೀನ ಅಲ್ಲೇನು? ಸುಳ್ಳು ಹೇಳಬ್ಯಾಡ. ನಾನು ಭೋಜರಾಜ ಅಲ್ಲ.’

ಐತಪ್ಪ ಗ್ರೈಂಡರಿನ ಹಿಟ್ಟನ್ನು ಪಾತ್ರೆಗೆ ತೋಡತೊಡಗಿದ.

‘ಸೋಮವಾರ ಮಧ್ಯಾಹ್ನ ನಮ್ಮ ಮನಿಗೆ ಬಾ. ನನಗ ಪಿಟೀಲು ನುಡಸಲಿಕ್ಕೆ ಒಂದು ಕಂಠ ಬೇಕಾಗೇದ. ಹೆದರಬ್ಯಾಡ, ನಿನ್ನ ಮುಖಾ ನಾ ನೋಡೂದಿಲ್ಲ.’

‘ಆಯ್ತು’ ಎಂದ ಐತಪ್ಪ. ಅವನ ಮೂರು ಮಾತುಗಳಲ್ಲಿ ಅದೇ ಮೊದಲು ಬಾಯಿಗೆ ಬಂದದ್ದು.

ಸೋಮವಾರ ಹೋದಾಗ ಗೊತ್ತಾಯಿತು, ಗೋದಾಬಾಯಿ ಹೇಳಿದ್ದು ಅಕ್ಷರಶಃ ನಿಜವೆಂದು. ಅವರು ಗೋಡೆಗೆ ಮುಖ ಮಾಡಿ ಕುಳಿತರು. ಅವನಿಗೆ ಬಾಗಿಲಿಗೆ ಮುಖ ಮಾಡಿ ಕೂರಲು ಹೇಳಿದರು. ಬೆನ್ನಿಗೆ ಬೆನ್ನು. ಹಾಗೇಕೆಂದು ಅವನು ಕೇಳಲಿಲ್ಲ. ಅವರೇ ಮೂರು ವಾರದ ಮೇಲೆ ಹೇಳಿದರು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಹುಬ್ಬಳ್ಳಿಯಲ್ಲಿ ಗೋದಾಬಾಯಿಯ ಮೊದಲ ಕಛೇರಿಯನ್ನು ತಂದೆ ಇಡಿಸಿದ್ದರು. ಇವರು ನಾಲ್ಕು ನಿಮಿಷ ನುಡಿಸಿ, ಪಿಟೀಲು ಕೆಳಗಿಟ್ಟು, ಹಿಂಬಾಗಿಲಿನಿಂದ ಇಳಿದು ಮನೆಗೆ ನಡೆದುಬಿಟ್ಟಿದ್ದರು. ಸಭಿಕರಿಗೆ ವಂದನೆ ಹೇಳಿ, ಪಿಟೀಲನ್ನು ಎತ್ತಿಕೊಂಡು ಬಂದದ್ದು ತಂದೆ. ಅಂದಿನಿಂದ ಮಕ್ಕಳ ಮುಂದೆ ಬಿಟ್ಟರೆ ಇನ್ನಾರ ಮುಂದೆಯೂ ಅವರು ಕಮಾನು ಹಿಡಿದಿರಲಿಲ್ಲ.

‘ಮಕ್ಕಳು ಕೇಳೂದಿಲ್ಲ ನೋಡು,’ ಎಂದರು ಗೋದಾಬಾಯಿ. ‘ಅದಕ್ಕ ಹೆದರಿಕಿ ಇಲ್ಲ.’

ಪಕ್ಕದ ಮನೆಯ ನಾಗಮಣಿಗೆ ಈ ಸೋಮವಾರಗಳು ಸರಿಕಾಣಲಿಲ್ಲ. ಹೋಟೆಲಿನಲ್ಲಿ ಹಿಟ್ಟು ರುಬ್ಬುವವ ಆಚಾರವಂತರ ನಡುಮನೆಯಲ್ಲಿ ಕೂರುವುದೆಂದರೇನು? ‘ಯಾವ ಜಾತಿಯವನು ಅವನು?’ ಎಂದು ಜಗಲಿಯಲ್ಲೇ ನಿಂತು ಕೇಳಿದಳು.

‘ಷಡ್ಜ ಸರಿ ಇರೂ ಜಾತಿ’ ಎಂದು ಹೇಳಿ ಗೋದಾಬಾಯಿ ಒಳಗೆ ಹೋದರು. ನಾಗಮಣಿ ಮುಂದೆಯೂ ಅನೇಕ ಮಾತು ಆಡಿದಳಂತೆ. ಪಿಟೀಲಿನ ಸದ್ದಿನಲ್ಲಿ ಇವರಿಗೆ ಅವು ಕೇಳಿಸಲಿಲ್ಲ.

ಹೀಗೆಯೇ ಇಬ್ಬರೂ ಬೆನ್ನು ತೋರಿಸಿಕೊಂಡು ಮುದುಕರಾಗಬಹುದಿತ್ತು. ಅದನ್ನು ತಪ್ಪಿಸಿದ್ದು ಒಂದು ರಾಮನವಮಿ. ಓಣಿಯ ಚಪ್ಪರದಲ್ಲಿ ಆ ದಿನ ಊರಿಗೆಲ್ಲ ಹೆಸರಾದ ಗಾಯಕರೊಬ್ಬರ ಕಛೇರಿಯಿತ್ತು. ಐತಪ್ಪ ಎಂದಿನಂತೆ ಚಪ್ಪರದ ಹೊರಗೆ, ತೆಂಗಿನ ಗರಿಯ ಸಂದಿಗೆ ಕಿವಿಯಿಟ್ಟು ನಿಂತಿದ್ದ. ಗಾಯಕರು ಭೈರವಿ ರಾಗವನ್ನು ಎತ್ತಿಕೊಂಡರು. ಎತ್ತಿಕೊಂಡು, ಎಲ್ಲಿ ನಿಧಾನಿಸಬೇಕೋ ಅಲ್ಲಿ ಓಡಿದರು. ಎಲ್ಲಿ ಸ್ವರ ತೂಗಬೇಕೋ ಅಲ್ಲಿ ಗಡಿಯಾರ ನೋಡಿದರು. ಜನ ಚಪ್ಪಾಳೆ ತಟ್ಟಿದರು. ಐತಪ್ಪನ ಹೊಟ್ಟೆಯಲ್ಲಿ ಏನೋ ಉರಿದಂತಾಯಿತು. ಬೆಳಿಗ್ಗೆ ತಿಂದ ಪೂರಿಯೆಂದು ಮೊದಲು ಅಂದುಕೊಂಡ. ಓಣಿಯ ತುದಿ ಮುಟ್ಟುವಷ್ಟರಲ್ಲಿ ಅದು ಸಿಟ್ಟೆಂದು ಗೊತ್ತಾಯಿತು. ಇಪ್ಪತ್ತೆಂಟು ವರ್ಷದಲ್ಲಿ ಅವನಿಗೆ ಯಾರ ಮೇಲೂ ಸಿಟ್ಟು ಬಂದಿರಲಿಲ್ಲವಾದ್ದರಿಂದ ಗುರುತು ಹಿಡಿಯಲು ಅಷ್ಟು ಹೊತ್ತು ಬೇಕಾಯಿತು.

ಅವನು ನೇರವಾಗಿ ಗೋದಾಬಾಯಿಯ ಮನೆಗೆ ಹೋದ. ಅದು ಸೋಮವಾರವಲ್ಲ.

‘ಅವರು ಭೈರವಿಯನ್ನು ಕೊಂದರು,’ ಎಂದ.

‘ನಾನೂ ಕಿಟಕಿಯಿಂದ ಕೇಳಿದೆ. ಈಗೇನು ಮಾಡೋಣಂತೀ?’

‘ಅದು ಹಾಗೆ ಅಲ್ಲ ಅಂತ ಯಾರಾದರೂ ಹೇಳಬೇಕು.’

‘ಹೋಗಿ ಹೇಳು.’

‘ನನಗೆ ಹೇಳ್ಲಿಕ್ಕೆ ಬರುವುದಿಲ್ಲ,’ ಎಂದ ಐತಪ್ಪ. ಬಾಗಿಲ ತನಕ ಹೋಗಿ, ತಿರುಗಿ ಬಂದು, ‘ಹಾಡ್ಲಿಕ್ಕೆ ಬರ್ತದೆ’ ಎಂದ.

ಅದೇ ವಾರ ಗೋದಾಬಾಯಿ ರೇಡಿಯೋದ ಧ್ವನಿಪರೀಕ್ಷೆಗೆ ಎರಡು ಅರ್ಜಿ ಹಾಕಿದರು: ಒಂದು ಅವನ ಹೆಸರಿನಲ್ಲಿ, ಒಂದು ತಮ್ಮದೇ ಹೆಸರಿನಲ್ಲಿ. ರೇಡಿಯೋದಲ್ಲಿ ಸಭಿಕರಿರುವುದಿಲ್ಲ, ಪರೀಕ್ಷಿಸುವವರೂ ಕಣ್ಣಿಗೆ ಬೀಳುವುದಿಲ್ಲ ಎಂಬುದು ಇಬ್ಬರಿಗೂ ಹಿಡಿಸಿತ್ತು. ಆದರೆ ಆ ಕೋಣೆಯಲ್ಲಿ ಇನ್ನೊಂದು ತೊಂದರೆಯಿತ್ತು. ಅಲ್ಲಿ ಸದ್ದೇ ಇರಲಿಲ್ಲ. ತನ್ನ ಉಸಿರು ತನಗೇ ಕೇಳುವಂಥ ಮೌನ. ಐತಪ್ಪ ಹಾಡಿದ್ದು ಮೈಕಿಗೂ ತಲುಪಲಿಲ್ಲ. ಗೋದಾಬಾಯಿ ಅವನಿಗಿಂತ ಮೆಲ್ಲಗೆ ನುಡಿಸಿದರು. ಒಂದು ತಿಂಗಳಿಗೆ ವಿಷಾದದ ಕಾಗದ ಬಂತು, ಇಬ್ಬರಿಗೂ ಬೇರೆ ಬೇರೆ.

ಮುಂದಿನ ಸೋಮವಾರ ಐತಪ್ಪ ಬಂದಾಗ ಗೋದಾಬಾಯಿ ಗೋಡೆಯ ಕಡೆಗಿದ್ದ ತಮ್ಮ ಮಣೆಯನ್ನು ತಿರುಗಿಸಿಟ್ಟಿದ್ದರು. ‘ಹಿಂಗ ಕೂತು ನೋಡೋಣು,’ ಎಂದರು. ಎದುರುಬದುರು ಕುಳಿತ ಮೊದಲ ದಿನ ಇಬ್ಬರೂ ಬೆವರಿದರು. ಎರಡನೆಯ ತಿಂಗಳಿನಲ್ಲಿ ಪಾಠಕ್ಕೆ ಬರುವ ಮಕ್ಕಳನ್ನು ಅಲ್ಲೇ ಕೂರಿಸಿಕೊಂಡರು. ನಾಲ್ಕನೆಯ ತಿಂಗಳಿನಲ್ಲಿ ಮಕ್ಕಳ ತಾಯಂದಿರನ್ನು. ಆರನೆಯ ತಿಂಗಳಿನಲ್ಲಿ ನಾಗಮಣಿಯೇ ಬಂದು ಬಾಗಿಲ ಬಳಿ ಕುಳಿತಳು. ಬಂದದ್ದು ತಪ್ಪು ಹುಡುಕಲಿಕ್ಕೆಂದು ಆಮೇಲೆ ಎಲ್ಲರಿಗೂ ಹೇಳಿಕೊಂಡಳು. ಎಷ್ಟು ಸಿಕ್ಕಿತೆಂದು ಹೇಳಲಿಲ್ಲ. ಅರವತ್ಮೂರರಲ್ಲಿ ಮತ್ತೆ ಧ್ವನಿಪರೀಕ್ಷೆಗೆ ಹೋದಾಗ ಇಬ್ಬರೂ ಪಾಸಾದರು.

ಆ ವರ್ಷದ ನವರಾತ್ರಿಗೆ ಕನ್ನಡದವರ ಸಂಘವೊಂದು ಅವರನ್ನು ಸಂಜೆಯ ಕಛೇರಿಗೆ ಕರೆಯಿತು. ಬ್ಯಾಂಕಿನ ಗುಮಾಸ್ತ ಹರಿಹರ ಮೃದಂಗಕ್ಕೆ ಒಪ್ಪಿಕೊಂಡ. ಭೋಜರಾಜರು ಹೋಟೆಲಿಗೆ ಮೂರು ತಾಸು ಬೀಗ ಹಾಕಿ, ಅಡುಗೆಮನೆಯ ಅಷ್ಟೂ ಜನರನ್ನು ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದರು. ಐತಪ್ಪ ಅವರನ್ನು ನೋಡಿ ಹಿಂದೆ ಹೋಗಿ ವಾಂತಿ ಮಾಡಿಕೊಂಡು, ಬಾಯಿ ತೊಳೆದು ಬಂದು ಕುಳಿತ.

ಕಛೇರಿಯ ಮೊದಲಿಗೆ ಹಾಡುವ ವರ್ಣ ಹೇಗೋ ಆಯಿತು. ಎರಡನೆಯ ಕೃತಿಯನ್ನು ಅವನು ಎತ್ತಿಕೊಂಡಾಗ ಪಕ್ಕದಿಂದ ಎಣ್ಣೆಯಿಲ್ಲದ ಬಾಗಿಲಿನಂಥ ಸದ್ದು ಬಂತು. ಗೋದಾಬಾಯಿಯ ಕಮಾನು ತಂತಿಯ ಮೇಲೆ ನಡುಗುತ್ತಿತ್ತು. ಅವರು ಪಿಟೀಲನ್ನು ಮಡಿಲಿಗಿಳಿಸಿದರು. ಅವರ ಕಣ್ಣು ವೇದಿಕೆಯ ಪಕ್ಕದ ಬಾಗಿಲಿನ ಮೇಲಿತ್ತು. ಆ ಬಾಗಿಲು ಐತಪ್ಪನಿಗೂ ಚೆನ್ನಾಗಿ ಗೊತ್ತಿತ್ತು. ಬಂದ ಕೂಡಲೇ ನೋಡಿಟ್ಟುಕೊಂಡಿದ್ದ. ಅವರು ಎದ್ದುಹೋದರೆ ತಾನೂ ಎದ್ದುಹೋಗಬಹುದು, ಯಾರೂ ತನ್ನನ್ನು ಬೈಯುವುದಿಲ್ಲ ಎಂದು ಅವನಿಗೆ ಹೊಳೆಯಿತು. ಒಂದು ಕ್ಷಣ ತುಂಬ ನೆಮ್ಮದಿಯಾಯಿತು. ಮರುಕ್ಷಣ ಅವರ ಕೈ ನೋಡಿದ. ಐವತ್ತು ದಾಟಿದ ಕೈ, ಎಡಗೈ ಬೆರಳ ತುದಿಗಳಲ್ಲಿ ಕಪ್ಪಗಿನ ಗೆರೆ. ಇವತ್ತು ಕೆಳಗಿಟ್ಟರೆ ಇನ್ನು ಎತ್ತಿಕೊಂಡು ಬರಲು ತಂದೆಯೂ ಇಲ್ಲ.

ಐತಪ್ಪ ಮೈಕಿನ ಕಡೆ ಬಾಗಿದ.

‘ಬಾಯಿಯವರಿಗೆ ಪಿಟೀಲು ಶ್ರುತಿ ಮಾಡ್ಲಿಕ್ಕೆ ಉಂಟು. ಅಲ್ಲಿವರೆಗೆ ನಾನೊಬ್ಬನೇ ಹಾಡ್ತೇನೆ.’

ಹತ್ತು ವರ್ಷದಲ್ಲಿ ಅವನ ಬಾಯಿಂದ ಒಟ್ಟಿಗೇ ಇಷ್ಟು ಮಾತು ಕೇಳಿದ್ದು ಇದೇ ಮೊದಲೆಂದು ಭೋಜರಾಜರು ಆಮೇಲೆ ಬಹಳ ಜನಕ್ಕೆ ಹೇಳಿದರು. ಅವನು ಭೈರವಿ ಹಿಡಿದ. ಯಾರ ಆಸರೆಯೂ ಇಲ್ಲದೆ, ಶ್ರುತಿಪೆಟ್ಟಿಗೆಯ ಮೇಲೆ, ಒಂದೊಂದು ಸ್ವರವನ್ನೂ ಅದರ ಜಾಗದಲ್ಲಿ ಕೂರಿಸಿ, ಅದು ನೆಟ್ಟಗೆ ಕೂತಿತೆಂದು ಖಾತ್ರಿಯಾದ ಮೇಲೆ ಮುಂದಿನದಕ್ಕೆ ಹೋದ. ಅವಸರ ಮಾಡಲಿಲ್ಲ. ಹರಿಹರ ಮೃದಂಗದ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕುಳಿತಿದ್ದ. ಇಪ್ಪತ್ತು ನಿಮಿಷವಾಗಿರಬೇಕು, ಅವನು ಪಂಚಮದಲ್ಲಿ ನಿಂತು ಉಸಿರೆಳೆದುಕೊಂಡಾಗ ಆ ಪಂಚಮ ನಿಲ್ಲಲಿಲ್ಲ. ಪಕ್ಕದಿಂದ ಪಿಟೀಲು ಅದನ್ನು ಹಿಡಿದುಕೊಂಡಿತ್ತು. ತೆಳ್ಳಗಿತ್ತು, ಆದರೆ ನಡುಗುತ್ತಿರಲಿಲ್ಲ. ಐತಪ್ಪ ತಿರುಗಿ ನೋಡಲಿಲ್ಲ. ಸ್ವಲ್ಪ ಸರಿದು ಕುಳಿತು, ಅವರಿಗೆ ಜಾಗ ಬಿಟ್ಟ.

ಅರವತ್ನಾಲ್ಕರಲ್ಲಿ ಅವನು ಹೋಟೆಲು ಬಿಟ್ಟ. ‘ಹೋಗು ಮಾರಾಯ, ಒಳ್ಳೆದಾಗ್ಲಿ. ಆದ್ರೆ ಹಿಟ್ಟಿಗೆ ಎಂತ ಮಾಡುವುದು?’ ಎಂದರು ಭೋಜರಾಜರು. ಊರಿನಿಂದ ಮೋನಪ್ಪ ಎಂಬವನನ್ನು ಕರೆಸಿದರು. ಮೋನಪ್ಪ ಗ್ರೈಂಡರಿಗಿಂತ ಜೋರಾಗಿ ಮಾತಾಡುತ್ತಿದ್ದ. ಇಡ್ಲಿಯಲ್ಲಿ ವ್ಯತ್ಯಾಸವೇನೂ ಕಾಣಲಿಲ್ಲ.

ಐತಪ್ಪನಿಗೆ ಮದುವೆ, ಉಪನಯನ, ಸಣ್ಣಪುಟ್ಟ ಸಭೆಗಳು ಸಿಕ್ಕುತ್ತಿದ್ದವು. ಮೂರು ತಿಂಗಳಿಗೊಮ್ಮೆ ರೇಡಿಯೋ. ದೊಡ್ಡ ಹೆಸರು ಬರಲಿಲ್ಲ. ಕಛೇರಿಗೆ ಮುಂಚೆ ವಾಂತಿ ಮಾತ್ರ ಕೊನೆಯವರೆಗೂ ತಪ್ಪಲಿಲ್ಲ. ಗೋದಾಬಾಯಿ ಅದಕ್ಕೆಂದು ಸಮಯ ಇಟ್ಟುಕೊಂಡೇ ಮನೆಯಿಂದ ಹೊರಡುತ್ತಿದ್ದರು.

ಅರವತ್ತೇಳರ ಗಣೇಶನ ಹಬ್ಬಕ್ಕೆ ಮದರಾಸಿನ ಹೊರಗಿನ ಮಣಲಿಯಿಂದ ಕರೆ ಬಂತು. ಅಲ್ಲಿ ಎಣ್ಣೆಯ ಕಾರ್ಖಾನೆ ಕಟ್ಟುವ ಕೆಲಸ ನಡೆಯುತ್ತಿತ್ತು. ಕೆಲಸಕ್ಕೆ ಬಂದಿದ್ದ ಕನ್ನಡದವರು ತಗಡಿನ ಚಪ್ಪರ ಹಾಕಿ ಗಣಪತಿ ಕೂರಿಸಿದ್ದರು. ಭಾನುವಾರ ಮಧ್ಯಾಹ್ನದ ಕಛೇರಿ. ಎರಡೂವರೆ ತಾಸು ಹಾಡಿ, ಮಂಗಳವೂ ಆಗಿ, ಜನ ಎದ್ದು ಪ್ರಸಾದದ ಕಡೆ ಹೋದರು. ಹರಿಹರ ಮೃದಂಗಕ್ಕೆ ಗವಸು ಹಾಕುತ್ತಿದ್ದ. ಆಗ ಮೈಯೆಲ್ಲ ಮಸಿಯಾದ ಒಬ್ಬ ವೆಲ್ಡರು ಏದುಸಿರು ಬಿಡುತ್ತ ವೇದಿಕೆಯ ಹತ್ತಿರ ಬಂದು ನಿಂತ. ಅವನ ಹೆಸರು ಸುಬ್ರಾಯ; ಶಿಫ್ಟು ಈಗಷ್ಟೇ ಬಿಟ್ಟಿತ್ತು.

‘ಮುಗಿದೇ ಹೋಯಿತಾ?’ ಎಂದ. ‘ನಾನು ಬೆಳಿಗ್ಗೆಯಿಂದ ಕಾಯ್ತಾ ಇದ್ದೆ. ಮಂಗಳ ಮಾತ್ರ ಕೇಳಿತು.’

ಐತಪ್ಪ ಅವನನ್ನು ನೋಡಿದ. ಹೆಗಲಿಗೆ ಹಾಕಿಕೊಂಡಿದ್ದ ಶಾಲು ತೆಗೆದು ಪಕ್ಕಕ್ಕಿಟ್ಟು ಮತ್ತೆ ಕುಳಿತ.

‘ಮೊದಲಿಂದ ಹಾಡುವ,’ ಎಂದ.

‘ಏನ್ ಸಾರ್ ಇದು, ಮಂಗಳ ಆಗಿಹೋಯಿತಲ್ಲ!’ ಎಂದ ಹರಿಹರ.

‘ಮಂಗಳ ಆದಮ್ಯಾಲೆ ವರ್ಣ ಹಾಡೂದು ಶಾಸ್ತ್ರಕ್ಕ ವಿರುದ್ಧ,’ ಎಂದರು ಗೋದಾಬಾಯಿಯೂ.

‘ಹೌದು,’ ಎಂದ ಐತಪ್ಪ. ಶ್ರುತಿಪೆಟ್ಟಿಗೆ ತೆರೆದ.

ಗೋದಾಬಾಯಿ ಪೆಟ್ಟಿಗೆಯಿಂದ ಪಿಟೀಲನ್ನು ಹೊರಗೆ ತೆಗೆದರು. ಹರಿಹರ ಗವಸು ಬಿಚ್ಚಿದ. ಸುಬ್ರಾಯ ಚಪ್ಪಲಿ ಬಿಟ್ಟು, ಖಾಲಿಯಾಗಿದ್ದ ಚಾಪೆಯ ಸರಿಯಾಗಿ ನಡುವಿನಲ್ಲಿ, ಕಾಲು ಮಡಿಸಿಕೊಂಡು ಕುಳಿತ.